ದಸರಾ ರಜೆ, ಅಕ್ಕನ ಮಗ, ಏಳು ಗೇಮು

ವಿಡಿಯೋ ಗೇಮ್ ಅಂದ ಕೂಡಲೇ ಎಲ್ಲರೂ ಮೊದಲು ಗ್ರಾಫಿಕ್ಸ್ ಬಗ್ಗೆ ಕೇಳುತ್ತಾರೆ. ನನಗೆ ಅದು ಆಮೇಲಿನ ಮಾತು. ನಾನು ಸೋತಾಗ ಆ ಗೇಮ್ ನನ್ನ ಜೊತೆ ಹೇಗೆ ನಡೆದುಕೊಳ್ಳುತ್ತೆ ಅನ್ನೋದನ್ನೇ ನಾನು ನೋಡುವುದು. ಗೆಲ್ಲುವಾಗ ಎಲ್ಲಾ ಗೇಮೂ ಒಂದೇ ಥರ. ಒಂದಿಷ್ಟು ಪಟಾಕಿ, ಒಂದಿಷ್ಟು ಮ್ಯೂಸಿಕ್, ಮುಗೀತು.

ಈ ಸಲದ ದಸರಾ ರಜೆಗೆ ಅಕ್ಕನ ಮಗ ಬೆಂಗಳೂರಿನ ಹಾಸ್ಟೆಲ್‌ನಿಂದ ಮಂಡ್ಯದ ನಮ್ಮ ಮನೆಗೆ ಬಂದಿದ್ದ. ಇಂಜಿನಿಯರಿಂಗ್ ಓದುವ ಹುಡುಗ. ಬ್ಯಾಗ್ ತುಂಬಾ ಲ್ಯಾಪ್‌ಟಾಪು, ಅದರ ಭಾರೀ ಚಾರ್ಜರು, ಎರಡು ಕಂಟ್ರೋಲರು. ಬಟ್ಟೆ ಮಾತ್ರ ಎರಡೇ ಜೊತೆ. ಸಂಜೆಗೆಲ್ಲಾ ಹಾಲ್‌ನ ಟಿವಿಗೆ ಕೇಬಲ್ ಚುಚ್ಚಿ ಕೂತ. ಅಮ್ಮನ ಸೀರಿಯಲ್ ಟೈಮು ಅದು. ಅಮ್ಮ ಒಂದು ಮಾತೂ ಆಡಲಿಲ್ಲ. ಮೊಮ್ಮಗ ಅಂದ್ರೆ ಹಾಗೇ ಅಲ್ವಾ? ಅದೇ ಜಾಗದಲ್ಲಿ ನಾನು ಕೂತಿದ್ದರೆ ರಿಮೋಟ್ ತಲೆಗೆ ಬೀಳುತ್ತಿತ್ತು.

ಅವನು ಮೊದಲು ಹಾಕಿದ್ದು ಫೋರ್ಜಾ ಹೊರೈಜನ್ 5. 2021ರ ಕಾರ್ ರೇಸಿಂಗ್ ಗೇಮು. ಡಿಸ್ಕಿನಲ್ಲಿ ನೂರು ಜಿಬಿಗಿಂತ ಜಾಸ್ತಿ ಜಾಗ ತಿನ್ನುತ್ತೆ. ಶುರುವಿನಲ್ಲೇ ವಿಮಾನದ ಹೊಟ್ಟೆಯಿಂದ ಕಾರು ಜ್ವಾಲಾಮುಖಿಯ ಮೇಲೆ ಬೀಳುತ್ತೆ. ಮೆಕ್ಸಿಕೋ ದೇಶವನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂದರೆ, ಗ್ವಾನಹ್ವಾಟೋ ಊರಿನ ಬಣ್ಣಬಣ್ಣದ ಮನೆಗಳ ಸಂದಿಯಲ್ಲಿ ನಾನು ರೇಸ್ ಬಿಟ್ಟು ಸುಮ್ನೆ ನಿಧಾನಕ್ಕೆ ಓಡಾಡಿದೆ. ಆದರೆ ಇದರಲ್ಲಿ ಒಂದು ಬಟನ್ ಇದೆ. ತಿರುವಿನಲ್ಲಿ ಗುದ್ದಿದಿರಾ? ಬಟನ್ ಒತ್ತಿ, ಕಾಲ ಹಿಂದಕ್ಕೆ ಹೋಗುತ್ತೆ, ಏನೂ ಆಗದ ಹಾಗೆ ಮತ್ತೆ ತಿರುಗಿಸಬಹುದು. ಬೇಕಾದಷ್ಟು ಸಲ. ಸ್ವಲ್ಪ ಹೊತ್ತಿಗೆ ನನ್ನ ಬೆರಳು ಬ್ರೇಕಿಗಿಂತ ಆ ಬಟನ್ ಮೇಲೇ ಇತ್ತು. ಗುದ್ದಿದರೂ ಪರವಾಗಿಲ್ಲ ಅಂತ ಗೊತ್ತಾದ ಮೇಲೆ ತಿರುವು ಬಂದಾಗ ಎದೆ ಡವಗುಟ್ಟುವುದಿಲ್ಲ. ಅದನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು ಅಂತ ಹುಡುಗ ಹೇಳಿದ. ಇರೋ ಬಟನ್ ಒತ್ತದೆ ಇರುವಷ್ಟು ಸಂಯಮ ನನಗಿದ್ದಿದ್ದರೆ ಗೇಮ್ ಯಾಕೆ ಆಡ್ತಿದ್ದೆ, ಯೋಗ ಮಾಡ್ತಿದ್ದೆ.

ಅದಕ್ಕೆ ಪೂರಾ ಉಲ್ಟಾ ಎಲ್ಡನ್ ರಿಂಗ್. ಕತ್ತಲ ಗುಹೆಯಿಂದ ಹೊರಗೆ ಬರುತ್ತೀರಿ. ಎದುರಿಗೆ ಹಸಿರು ಬಯಲು, ದೂರದಲ್ಲಿ ಚಿನ್ನದಂತೆ ಹೊಳೆಯುವ ಮಹಾವೃಕ್ಷ. ದಾರಿಯಲ್ಲಿ ಚಿನ್ನದ ಕವಚ ತೊಟ್ಟ ಕುದುರೆ ಸವಾರ ಒಬ್ಬ ತನ್ನಷ್ಟಕ್ಕೆ ಗಸ್ತು ಹೊಡೆಯುತ್ತಿರುತ್ತಾನೆ. ಹೋಗಿ ಹೊಡೆದೆ. ಒಂದೇ ಏಟಿಗೆ ಸತ್ತೆ. ಮತ್ತೆ ಹೋದೆ, ಮತ್ತೆ ಸತ್ತೆ. ಅಮ್ಮ ಸೊಪ್ಪು ಬಿಡಿಸುತ್ತಾ ನೋಡುತ್ತಿದ್ದವರು, "ಪಾಪ, ಅವನ ಪಾಡಿಗೆ ಅವನು ಹೋಗ್ತಿದ್ದ. ನೀನ್ಯಾಕೋ ಅವನ ತಂಟೆಗೆ ಹೋದೆ?" ಅಂದರು. ಗೇಮ್ ಹೇಳುವುದೂ ಅದನ್ನೇ. ಇವನನ್ನು ಈಗಲೇ ಮುಟ್ಟಬೇಡ, ಪಕ್ಕದಲ್ಲಿ ಸುತ್ತಿ ಹೋಗು, ಬಲ ಬಂದಮೇಲೆ ಬಾ. ಸತ್ತಾಗ ಕೂಡಿಟ್ಟಿದ್ದ ರೂನ್‌ಗಳು, ಅಂದರೆ ಬಲ ಹೆಚ್ಚಿಸಿಕೊಳ್ಳಲು ಬೇಕಾದ ಹಣ, ಅಲ್ಲೇ ಬಿದ್ದಿರುತ್ತವೆ. ಅದನ್ನು ಎತ್ತಿಕೊಳ್ಳುವ ಮೊದಲು ಇನ್ನೊಂದು ಸಲ ಸತ್ತರೆ ಅಷ್ಟೂ ಹೋಯ್ತು. ಇಪ್ಪತ್ತರ ವಯಸ್ಸಿನಲ್ಲಿ ಇದು ನನಗೆ ಹುಚ್ಚು ಹಿಡಿಸುತ್ತಿತ್ತು. ಈಗ ದಿನವಿಡೀ ಆಫೀಸಿನಲ್ಲಿ ಬೈಸಿಕೊಂಡು ಬಂದು ಇಲ್ಲೂ ಬೈಸಿಕೊಳ್ಳುವುದು ಯಾರಿಗೆ ಬೇಕು? ಒಳ್ಳೇ ಗೇಮು. ನನಗಲ್ಲ.

ಇವೆರಡರ ನಡುವೆ ಹೇಡೀಸ್ ಸಿಕ್ಕಿತು. 2020ರದ್ದು, ಸೂಪರ್‌ಜಯಂಟ್ ಗೇಮ್ಸ್ ಅನ್ನುವ ಸಣ್ಣ ತಂಡ ಮಾಡಿದ್ದು. ಗ್ರೀಕರ ಪಾತಾಳದ ದೊರೆ ಹೇಡೀಸ್. ಅವನ ಮಗ ಝಾಗ್ರಿಯಸ್‌ಗೆ ಅಪ್ಪನ ಮನೆ ಬೇಡ, ಭೂಮಿಗೆ ಓಡಿಹೋಗಬೇಕು. ಯಮನ ಮಗನೇ ಯಮಲೋಕದಿಂದ ತಪ್ಪಿಸಿಕೊಳ್ಳುವ ಕಥೆ ಅಂದುಕೊಳ್ಳಿ. ದಾರಿಯಲ್ಲಿ ಸತ್ತರೆ ಎಲ್ಲಿಗೆ ಹೋಗ್ತಾನೆ? ಅದೇ ಯಮಲೋಕಕ್ಕೆ, ಅಂದರೆ ವಾಪಸ್ ಮನೆಗೆ! ರಕ್ತದ ಕೊಳದಿಂದ ಎದ್ದು ತಲೆ ಒದರಿಕೊಂಡು ಹಜಾರಕ್ಕೆ ಬಂದರೆ, ನಿದ್ದೆಯ ದೇವರು ಹಿಪ್ನೋಸ್ ಕೈಯಲ್ಲಿ ಪಟ್ಟಿ ಹಿಡಿದು ನಿಂತಿರುತ್ತಾನೆ. ಈ ಸಲ ಯಾರ ಕೈಯಲ್ಲಿ ಸತ್ತೆ ಅಂತ ನೋಡಿ ಒಂದು ಚುಚ್ಚುಮಾತು ಹೇಳುತ್ತಾನೆ. ಅಪ್ಪ ಮೇಜಿನ ಮುಂದೆ ಕಾಗದಪತ್ರದ ರಾಶಿಯಲ್ಲಿ ಮುಳುಗಿರುತ್ತಾನೆ. ತಲೆ ಎತ್ತಿ ಹಂಗಿಸುತ್ತಾನೆ. ಮೂರು ತಲೆಯ ನಾಯಿ ಸರ್ಬೆರಸ್ ಪಕ್ಕದಲ್ಲೇ ಮಲಗಿರುತ್ತೆ, ಅದರ ತಲೆ ಸವರಬಹುದು. ಯಾವ ತಲೆ ಅಂತ ಮಾತ್ರ ಕೇಳಬೇಡಿ.

ಸತ್ತಾಗಲೇ ಕಥೆ ಮುಂದಕ್ಕೆ ಹೋಗುತ್ತೆ, ಇದೇ ಈ ಗೇಮಿನ ಜಾಣತನ. ಮನೆಗೆ ಬಂದರೆ ಯಾರೋ ಹೊಸದೊಂದು ಮಾತು ಹೇಳುತ್ತಾರೆ, ಹಳೇ ಜಗಳದ ಇನ್ನೊಂದು ಎಳೆ ಗೊತ್ತಾಗುತ್ತೆ. ಹಾಗಾಗಿ ಸೋತಾಗ ಬೇಜಾರಾಗುವ ಬದಲು, ಸರಿ, ಮನೇಲಿ ಏನು ಸುದ್ದಿ ನೋಡೋಣ ಅನ್ನಿಸುತ್ತೆ. ಕೈ ಚುರುಕಿಲ್ಲದ ನನ್ನಂಥವರಿಗೆ ಗಾಡ್ ಮೋಡ್ ಅಂತ ಒಂದಿದೆ. ಹಾಕಿಕೊಂಡರೆ ಬೀಳುವ ಪೆಟ್ಟು ಶೇಕಡಾ 20 ಕಡಿಮೆ. ಸತ್ತ ಪ್ರತಿ ಸಲ ಇನ್ನೊಂದು 2 ಸೇರುತ್ತೆ, 80ರ ತನಕ. ಫೋರ್ಜಾದ ಬಟನ್ ಥರ ಇದು ಸೋಲನ್ನು ಅಳಿಸುವುದಿಲ್ಲ. ಸೋಲುತ್ತೀಯಾ, ಸೋಲು, ಆದರೆ ಸ್ವಲ್ಪ ಗಟ್ಟಿಯಾಗು ಅನ್ನುತ್ತೆ. ಅಕ್ಕನ ಮಗನಿಗೆ ಇದು ಮೋಸ ಅಂತ ಅನ್ನಿಸಿತು. "ಮಾಮ, ಇದು ಚೀಟಿಂಗ್" ಅಂದ. ಅವನಿಗೆ ಮಂಡಿ ನೋವು ಶುರುವಾಗಲಿ, ಆಮೇಲೆ ಮಾತಾಡ್ತೀನಿ.

ಆಯುಧ ಪೂಜೆ ದಿನ ಆಟ ಬಂದ್. ಅಮ್ಮ ಸ್ಕೂಟರ್, ಮಿಕ್ಸಿ, ಈಳಿಗೆಮಣೆ ಜೊತೆಗೆ ಲ್ಯಾಪ್‌ಟಾಪನ್ನೂ ಎರಡು ಕಂಟ್ರೋಲರನ್ನೂ ದೇವರ ಮುಂದೆ ಇಟ್ಟು ಅರಿಶಿನ ಕುಂಕುಮ ಹಚ್ಚಿ ಹೂವು ಏರಿಸಿದರು. ನಾಳೆ ಬೆಳಿಗ್ಗೆ ತನಕ ಯಾರೂ ಮುಟ್ಟಬಾರದು. ಹುಡುಗ ಸಂಜೆಯೆಲ್ಲಾ ಪೂಜೆ ಕೋಣೆ ಕಡೆ ಕಳ್ಳ ನೋಟ ಹಾಕುತ್ತಿದ್ದ. ಅನಲಾಗ್ ಸ್ಟಿಕ್ಕಿನ ಬುಡಕ್ಕೆ ಇಳಿದ ಕುಂಕುಮವನ್ನು ಮಾರನೇ ದಿನ ಹಳೇ ಬ್ರಶ್ಶಿನಲ್ಲಿ ತಿಕ್ಕಿದೆವು. ಎಡಗಡೆಯದು ಈಗಲೂ ಸ್ವಲ್ಪ ಕೆಂಪಗಿದೆ.

ಅಮ್ಮ ತಾವೇ ಕುರ್ಚಿ ಎಳೆದುಕೊಂಡು ಕೂತದ್ದು ವೆನ್ಬಾ ಹಾಕಿದಾಗ. ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ಕುಟುಂಬದ ಕಥೆ, 2023ರ ಗೇಮು. ಟೊರಾಂಟೋದ ವಿಸೈ ಗೇಮ್ಸ್ ಮಾಡಿದ್ದು. ಅಡುಗೆ ಮಾಡುವುದೇ ಆಟ. ವೆನ್ಬಾಳ ಹತ್ತಿರ ಅವಳಮ್ಮನ ಹಳೇ ಅಡುಗೆ ಪುಸ್ತಕ ಇದೆ. ಪುಟ ಹರಿದಿದೆ, ಅಕ್ಷರ ಅಳಿಸಿದೆ. ಉಳಿದದ್ದನ್ನು ನಾವು ಊಹಿಸಿ ಮಾಡಬೇಕು. ಮೊದಲನೇದೇ ಇಡ್ಲಿ. ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಜೋಡಿಸಬೇಕು ಅನ್ನೋದೇ ಒಗಟು. ನಾನು ತಲೆ ಕೆರೆದುಕೊಳ್ಳುತ್ತಿದ್ದೆ. "ಅಯ್ಯೋ, ತಿರುಗಿಸಿ ಇಡೋ. ಗುಳಿ ಮೇಲೆ ಗುಳಿ ಬಂದ್ರೆ ಇಡ್ಲಿ ಅಪ್ಪಚ್ಚಿ ಆಗಲ್ವಾ?" ಅಂದರು ಅಮ್ಮ. ಸರಿಹೋಯ್ತು. ಆಮೇಲೆ ಒಂದು ತಕರಾರೂ ತೆಗೆದರು. ಬೆಂದಿದೆಯೋ ಇಲ್ಲವೋ ಅಂತ ಕೈ ಒದ್ದೆ ಮಾಡಿಕೊಂಡು ಮುಟ್ಟಿ ನೋಡಬೇಕಲ್ಲ, ಅದಿಲ್ಲದೆ ಏನು ಇಡ್ಲಿ ಅಂತ.

ಈ ಗೇಮಿನಲ್ಲಿ ಸೋಲುವುದು ಅಂತ ಏನಿಲ್ಲ. ಅಡುಗೆ ಕೆಟ್ಟರೆ ಮತ್ತೆ ಮಾಡು, ಅಷ್ಟೆ. ಕಳೆದುಹೋಗುವುದು ಬೇರೆಯೇ. ಮಗ ಕವಿನ್ ಸ್ಕೂಲಿಗೆ ಹೋಗಲು ಶುರು ಮಾಡಿ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾನೆ, ಅಮ್ಮ ಮಾಡಿದ ಊಟ ಬೇಡ ಅನ್ನುತ್ತಾನೆ. ಅದಕ್ಕೆ ಯಾವ ಬಟನ್ನೂ ಇಲ್ಲ. ಒಂದು ಸಂಜೆಯಲ್ಲಿ ಮುಗಿದುಹೋಗುವಷ್ಟು ಚಿಕ್ಕದು. ಅಮ್ಮ ಕೊನೆತನಕ ಕೂತಿದ್ದರು. ಮುಗಿದ ಕೂಡಲೇ ಎದ್ದು ಹೋಗಿ ಅಕ್ಕನಿಗೆ ಫೋನ್ ಮಾಡಿದರು.

ಅದೇ ಹುರುಪಿನಲ್ಲಿ ರಾಜಿ ಅನ್ನುವ ಗೇಮನ್ನೂ ಹಾಕಿದೆವು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡದ್ದು, 2020ರಲ್ಲಿ ಬಂದದ್ದು. ರಾಕ್ಷಸರು ಹೊತ್ತೊಯ್ದ ತಮ್ಮನನ್ನು ಹುಡುಕಿ ಹೊರಟ ಹುಡುಗಿಯ ಕಥೆ. ಕಥೆ ಹೇಳುವ ಭಾಗಗಳು ತೊಗಲು ಗೊಂಬೆಯಾಟದ ಥರ ಇವೆ. ತೆರೆ, ಹಿಂದೆ ಬೆಳಕು, ನೆರಳು. ಆ ನೆರಳುಗಳನ್ನು ನೋಡುವುದಕ್ಕೇ ನಾನು ಮುಂದೆ ಮುಂದೆ ಆಡಿದೆ. ಹೊಡೆದಾಟ ಮಾತ್ರ ಮಂಕು, ಒಂದೇ ಥರದ ಏಟು. ಕೊನೆ ಇನ್ನೂ ಮೋಸ. ಕಥೆ ಈಗ ಕಾವೇರಿತು ಅನ್ನುವಾಗ ತಟಕ್ಕನೆ ನಿಲ್ಲುತ್ತೆ.

ಬಲಾಟ್ರೋ ಶುರುವಾದಾಗ ಮನೆಯಲ್ಲಿ ಗಲಾಟೆ ಆಯಿತು. ಟಿವಿ ತುಂಬಾ ಇಸ್ಪೀಟ್ ಎಲೆ ನೋಡಿ ಅಮ್ಮ, "ದುಡ್ಡು ಹಾಕಿ ಆಡ್ತಿದೀರಾ?" ಅಂತ ಗದರಿದರು. ಅವರನ್ನೂ ತಪ್ಪು ಅನ್ನೋಕಾಗಲ್ಲ. ಆನ್‌ಲೈನ್ ರಮ್ಮಿಯಲ್ಲಿ ಸಂಬಳ ಪೂರ್ತಿ ಕಳೆದುಕೊಂಡವರ ಸುದ್ದಿ ಕೇಳಿ ಕೇಳಿ ಸಾಕಾಗಿದೆ. 2025ರ ಆಗಸ್ಟ್‌ನಲ್ಲಿ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾನೂನು ಪಾರ್ಲಿಮೆಂಟಿನಲ್ಲಿ ಪಾಸಾಯಿತು. ಯೂರೋಪಿನ ಗೇಮ್ ರೇಟಿಂಗ್ ಸಂಸ್ಥೆ ಪೆಗಿ ಕೂಡ ಬಲಾಟ್ರೋವನ್ನು 2024ರಲ್ಲಿ 18 ದಾಟಿದವರಿಗೆ ಮಾತ್ರ ಅಂದಿತ್ತು. 2025ರಲ್ಲಿ 12ಕ್ಕೆ ಇಳಿಸಿತು. ಇದರಲ್ಲಿ ನಿಜವಾದ ದುಡ್ಡು ಹಾಕುವುದೂ ಇಲ್ಲ, ಗೆಲ್ಲುವುದೂ ಇಲ್ಲ. ಗೇಮ್ ಕೊಂಡಾಗ ಕೊಟ್ಟದ್ದಷ್ಟೆ.

ರಮ್ಮಿ ಆಡಿ ಬೆಳೆದ ಕಣ್ಣಿಗೆ ಇದು ಮೊದಲು ಗೊಂದಲ. ಇಲ್ಲಿರುವುದು ಪೋಕರ್ ಲೆಕ್ಕ. ಕೈಯಲ್ಲಿ ಎಂಟು ಎಲೆ, ಒಂದು ಸಲಕ್ಕೆ ಐದರ ತನಕ ಇಳಿಸಬಹುದು. ಒಂದೇ ಜಾತಿಯ ಐದು ಎಲೆ ಇದ್ದರೆ ಸಾಕು, ಸಾಲಾಗಿ ಬರಬೇಕಿಲ್ಲ. ಅದು ಫ್ಲಶ್. ನನ್ನ ಹತ್ತಿರ ಆಟೀನ್‌ನ ಎರಡು, ಐದು, ಒಂಬತ್ತು, ಗುಲಾಮ, ರಾಜ ಇದ್ದವು. ಗುಲಾಮ, ರಾಜನಿಗೆ ಹತ್ತತ್ತು. ಒಟ್ಟು 36. ಫ್ಲಶ್‌ಗೆ ಅಂತ ಗೇಮ್ ಕೊಡುವ 35 ಸೇರಿದರೆ 71. ಫ್ಲಶ್‌ಗೆ ಗುಣಿಸುವ ಸಂಖ್ಯೆ 4, ಗುಣಿಸಿದರೆ 284. ಮೊದಲನೇ ಸುತ್ತು ದಾಟಲು ಬೇಕಾದದ್ದು 300! ಹದಿನಾರಕ್ಕೆ ಇನ್ನೊಂದು ಕೈ ಇಳಿಸಬೇಕಾಯಿತು. ಸುತ್ತು ಮುಗಿದ ಮೇಲೆ ಅಂಗಡಿ ತೆರೆಯುತ್ತೆ. ಅಲ್ಲಿ ಜೋಕರ್ ಮಾರುತ್ತಾರೆ. ರಮ್ಮಿಯ ಜೋಕರ್ ಥರ ಇದು ಇಲ್ಲದ ಎಲೆಯ ಜಾಗದಲ್ಲಿ ಕೂರುವುದಿಲ್ಲ. ಮೇಲುಗಡೆ ಕೂತು ಲೆಕ್ಕವನ್ನೇ ಬದಲಾಯಿಸುತ್ತೆ. ತೀರಾ ಸಾದಾ ಜೋಕರ್ ಗುಣಿಸುವ ಸಂಖ್ಯೆಗೆ 4 ಸೇರಿಸುತ್ತೆ. ಅಂದರೆ ಅದೇ ಐದು ಎಲೆ ಈಗ 71 ಇಂಟು 8, 568. ಇಂಥ 150 ಜೋಕರ್ ಇವೆ, ಒಂದೊಂದರ ಬುದ್ಧಿ ಒಂದೊಂದು ಥರ.

ಇಲ್ಲಿ ಸೋತರೆ ಕಾರಣ ಕಣ್ಣೆದುರಿಗೇ ಇರುತ್ತೆ. ಆ ಜೋಕರ್ ಮಾರಬಾರದಿತ್ತು, ಆ ರಾಣಿಯನ್ನು ಎಸೆಯಬಾರದಿತ್ತು. ಅಷ್ಟು ಚೆನ್ನಾಗಿ ಗೊತ್ತಾಗುವುದೇ ತೊಂದರೆ. ಇನ್ನೊಂದು ಸಲ ಆಡಿದರೆ ಸರಿ ಮಾಡಬಹುದು ಅನ್ನಿಸಿ ರಾತ್ರಿ ಕಳೆದುಹೋಗುತ್ತೆ. ಇದನ್ನು ಲೋಕಲ್‌ಥಂಕ್ ಅನ್ನುವ ಹೆಸರಿನ ಒಬ್ಬನೇ ಮನುಷ್ಯ ಮಾಡಿದ್ದು, 2024ರಲ್ಲಿ. ಫೋರ್ಜಾದ ಗಾತ್ರದ ಮುಂದೆ ಇದು ಲೆಕ್ಕಕ್ಕೇ ಇಲ್ಲ. ರಜೆಯಲ್ಲಿ ಜಾಸ್ತಿ ಹೊತ್ತು ತಿಂದದ್ದು ಇದೇ.

ಆದರೆ ನನ್ನ ತಲೆಯೊಳಗೆ ಮನೆ ಮಾಡಿದ್ದು ರಿಟರ್ನ್ ಆಫ್ ದಿ ಓಬ್ರಾ ಡಿನ್. ಲೂಕಸ್ ಪೋಪ್ 2018ರಲ್ಲಿ ತಂದದ್ದು. ಚಿತ್ರಕ್ಕೆ ಎರಡೇ ಬಣ್ಣ, ಹಳೇ ಕಾಲದ ಮ್ಯಾಕಿಂಟಾಷ್ ಪರದೆಯ ಹಾಗೆ ಚುಕ್ಕಿ ಚುಕ್ಕಿ. 1802ರಲ್ಲಿ ಲಂಡನ್ನಿನಿಂದ ಹೊರಟ ಹಡಗು ಕಾಣೆಯಾಗಿ, 1807ರಲ್ಲಿ ಫಾಲ್ಮತ್ ಬಂದರಿಗೆ ತಾನಾಗಿ ತೇಲಿ ಬರುತ್ತೆ. ಒಳಗೆ ಒಂದು ನರಪಿಳ್ಳೆ ಜೀವಂತ ಇಲ್ಲ. ನಾವು ಈಸ್ಟ್ ಇಂಡಿಯಾ ಕಂಪನಿಯ ವಿಮೆ ಲೆಕ್ಕದವರು. ಹಡಗಿನಲ್ಲಿದ್ದ 60 ಜನರಿಗೆ ಏನಾಯ್ತು ಅಂತ ಬರೆದು ಕೊಡಬೇಕು. ಕಂಪನಿ ಅಂದಾಗ ನನಗೆ ಒಂಥರಾ ಆಯಿತು. ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಶ್ರೀರಂಗಪಟ್ಟಣ ಇವರ ಕೈಗೆ ಬಿದ್ದದ್ದು 1799ರಲ್ಲಿ. ಎಂಟು ವರ್ಷ ಆದಮೇಲೆ ನಾನು ಅವರ ಗುಮಾಸ್ತ!

ಕೈಯಲ್ಲೊಂದು ಗಡಿಯಾರ. ಹೆಣದ ಹತ್ತಿರ ಹೋಗಿ ಅದನ್ನು ತೆರೆದರೆ ಪರದೆ ಕಪ್ಪಾಗುತ್ತೆ, ಆ ಮನುಷ್ಯ ಸಾಯುವ ಮೊದಲಿನ ನಾಲ್ಕು ಮಾತು ಕೇಳುತ್ತೆ. ಆಮೇಲೆ ಸತ್ತ ಆ ಒಂದು ಕ್ಷಣ ಕಲ್ಲಾಗಿ ನಿಂತಿರುತ್ತೆ. ಅದರೊಳಗೆ ನಾವು ಓಡಾಡಬಹುದು. ಹಾರಿದ ಗುಂಡು, ಒಡೆದ ಮರದ ಚೂರು, ಹಿಂದೆ ಮೆಟ್ಟಿಲಲ್ಲಿ ಇಣುಕುತ್ತಿರುವ ಇನ್ನೊಬ್ಬ. ಇವನ್ಯಾರು, ಹೇಗೆ ಸತ್ತ, ಯಾರು ಕೊಂದರು? ಪುಸ್ತಕದಲ್ಲಿ ತುಂಬಬೇಕು. ತಪ್ಪು ಬರೆದರೆ ಗೇಮ್ ಏನೂ ಹೇಳುವುದಿಲ್ಲ. ಮೂರು ಜನರದ್ದು ಪೂರ್ತಿ ಸರಿಯಾದಾಗ ಮಾತ್ರ ಆ ಮೂರು ಗಟ್ಟಿಯಾಗುತ್ತವೆ. ಸೋತಿದ್ದೀನೋ ಇಲ್ಲವೋ ಅಂತಲೇ ಗೊತ್ತಾಗದ ಈ ಸ್ಥಿತಿ ಎಲ್ಡನ್ ರಿಂಗ್‌ನ ಸಾವಿಗಿಂತ ಕಷ್ಟ. ಅಷ್ಟೇ ರುಚಿ ಕೂಡ.

ಇಲ್ಲಿ ಮಾಮ, ಅಳಿಯ ಇಬ್ಬರೂ ಸಮ. ಅವನ ಬೆರಳಿನ ಚುರುಕು ಕೆಲಸಕ್ಕೆ ಬರಲಿಲ್ಲ. ಹಡಗಿನ ಜನರ ಪಟ್ಟಿಯಲ್ಲಿ ಕೆಲವರ ಮುಂದೆ ಇಂಡಿಯಾ ಅಂತಿದೆ. ಲಸ್ಕರ್ ಅಂತ ಕರೆಯುತ್ತಿದ್ದ ನಮ್ಮ ಕಡೆಯ ನಾವಿಕರು. ಅದರಲ್ಲಿ ಇಬ್ಬರು ಮೊದಮೊದಲೇ ಸಾಯುತ್ತಾರೆ, ಕತ್ತಿಗಲ್ಲ, ಗುಂಡಿಗಲ್ಲ, ಕಾಯಿಲೆಗೆ. ಇಬ್ಬರಲ್ಲಿ ಯಾವ ಹೆಸರು ಯಾರದು? ಆ ಇಬ್ಬರ ಹೆಸರು ಸರಿಯಾಗಲೇಬೇಕು ಅಂತ ನನಗೆ ಯಾಕೋ ಹಟ ಬಂತು. ಹುಡುಗ ಸುಮ್ನೆ ಅದಲು ಬದಲು ಮಾಡಿ ನೋಡೋಣ ಅಂದ, ನಾನು ಬಿಡಲಿಲ್ಲ. ಕೆಳಗಿನ ಅಟ್ಟದಲ್ಲಿ ನಾವಿಕರು ಮಲಗುವ ಬಟ್ಟೆಯ ತೂಗುಹಾಸಿಗೆಗಳ ಮಧ್ಯೆ ಬಗ್ಗಿ ಬಗ್ಗಿ ನೋಡುತ್ತಿದ್ದಾಗ ಅವನು ಕಿರುಚಿದ: "ಮಾಮ, ನಂಬರ್! ಹಾಸಿಗೆ ಮೇಲೆ ನಂಬರ್ ಇದೆ!" ಪಟ್ಟಿಯಲ್ಲೂ ಒಬ್ಬೊಬ್ಬರ ಮುಂದೆ ಒಂದೊಂದು ನಂಬರ್. ಅಮ್ಮ ಊಟಕ್ಕೆ ಕರೆದು ಕರೆದು ಕೊನೆಗೆ ಟಿವಿ ಸ್ವಿಚ್ಚೇ ಆಫ್ ಮಾಡಿದರು.

ರಜೆ ಮುಗಿಯಿತು, ಗೇಮ್ ಮುಗಿಯಲಿಲ್ಲ. ಅವನು ಹಾಸ್ಟೆಲ್‌ನಲ್ಲಿ ಮುಂದುವರಿಸುತ್ತಿದ್ದಾನೆ, ನಾನು ನನ್ನ ಹಳೇ ಲ್ಯಾಪ್‌ಟಾಪಿಗೆ ಇನ್ನೊಂದು ಕೊಂಡು ಹಾಕಿಕೊಂಡೆ. ಚೀನಾದ ನಾಲ್ವರು ನಾವಿಕರಲ್ಲಿ ಯಾರು ಯಾರು ಅಂತ ಇಬ್ಬರೂ ಒದ್ದಾಡುತ್ತಿದ್ದೆವು. ನಿನ್ನೆ ಮಧ್ಯಾಹ್ನ ಆಫೀಸಿನಲ್ಲಿ ಮೀಟಿಂಗ್ ನಡೆಯುವಾಗ ಅವನ ಮೆಸೇಜ್ ಬಂತು: "ಮಾಮ, ಮುಖ ಬಿಡು. ಕಾಲು ನೋಡು." ಇನ್ನೊಂದು ಅಕ್ಷರ ಹೇಳಿದರೆ ದೀಪಾವಳಿಗೆ ಮನೆಗೆ ಸೇರಿಸಲ್ಲ ಅಂತ ಉತ್ತರ ಹಾಕಿ, ಸಂಜೆ ಆರಾಗುವುದನ್ನೇ ಕಾಯುತ್ತಾ ಕೂತೆ.