ಫೆಂಟನಿಲ್ ಕೊಡುವಾಗ ಬರುವ ಆ ಕೆಮ್ಮು

ಅರಿವಳಿಕೆ ಕೊಡುವಾಗ ನೋವು ತಗ್ಗಿಸಲು ರಕ್ತನಾಳಕ್ಕೆ ಕೊಡುವ ಫೆಂಟನಿಲ್ ಔಷಧಿಯ ಸಿರಿಂಜನ್ನು ದಯವಿಟ್ಟು ಒಂದೇ ಸಲಕ್ಕೆ ಒತ್ತಿಬಿಡಬೇಡಿ. ಕಾರವಾರದಲ್ಲಿ ನನ್ನ ಜೊತೆ ಓಟಿಯಲ್ಲಿ (ಆಪರೇಷನ್ ಥಿಯೇಟರಿನಲ್ಲಿ) ಕೆಲಸ ಕಲಿಯಲು ಬರುವವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ.

ಔಷಧಿ ಒಳಗೆ ಹೋಗಿ ಅರ್ಧ ನಿಮಿಷವೂ ಆಗಿರುವುದಿಲ್ಲ, ರೋಗಿ ಕೆಮ್ಮಲು ಶುರು ಮಾಡುತ್ತಾರೆ. ಕೆಲವರಿಗೆ ಒಂದೆರಡು ಸಲ ಬಂದು ನಿಲ್ಲುತ್ತದೆ. ಇನ್ನು ಕೆಲವರಿಗೆ ಮುಖ ಕೆಂಪಾಗಿ, ಕುತ್ತಿಗೆಯ ನರ ಉಬ್ಬಿ, ಮಲಗಿದ್ದಲ್ಲಿಂದ ಎದ್ದು ಕೂರುವಷ್ಟು ಜೋರಾಗಿ ಬರುತ್ತದೆ. ಕೆಮ್ಮು ತಗ್ಗಿಸುವ ಕೊಡೀನ್ ಜಾತಿಯದೇ ಔಷಧಿ ಕೆಮ್ಮು ಬರಿಸುತ್ತದೆ ಅಂದರೆ ಆಶ್ಚರ್ಯ ಅಲ್ವಾ? ಶ್ವಾಸಕೋಶದಲ್ಲಿರುವ ವೇಗಸ್ ನರದ ತುದಿಗಳು ಕೆರಳುತ್ತವೆ ಅನ್ನುವುದು ಇದಕ್ಕೆ ಕೊಡುವ ಒಂದು ಮುಖ್ಯ ಕಾರಣ.

ತಾನಾಗಿಯೇ ನಿಲ್ಲುತ್ತೆ, ಬಿಡಿ ಅನ್ನುವವರು ಜಾಸ್ತಿ. ಬಹಳಷ್ಟು ಸಲ ನಿಲ್ಲುವುದೂ ನಿಜ. ಆದರೆ ಬೈತಖೋಲ ಬಂದರಿನ ಕಡೆಯಿಂದ ಗಾಳ ಚುಚ್ಚಿ ಕಣ್ಣುಗುಡ್ಡೆ ಒಡೆದ ಮೀನುಗಾರರೊಬ್ಬರು ಬಂದರು ಅಂದುಕೊಳ್ಳಿ. ಕೆಮ್ಮಿದಾಗ ಕಣ್ಣೊಳಗಿನ ಒತ್ತಡ ಏರಿ, ಉಳಿಸಬೇಕಾದ ಭಾಗವೇ ಗಾಯದಿಂದ ಹೊರಗೆ ಬರಬಹುದು. ಮೆದುಳಿನ ರಕ್ತನಾಳ ಉಬ್ಬಿಕೊಂಡವರಿಗೂ, ಹೊಟ್ಟೆ ತುಂಬ ಉಂಡು ತುರ್ತಾಗಿ ಬಂದವರಿಗೂ ಈ ಕೆಮ್ಮು ಅಪಾಯವೇ.

ನಾನು ಮಾಡುವುದು ಇಷ್ಟು. 2 ಎಂಎಲ್ ಆಂಪ್ಯೂಲಿನಲ್ಲಿ 100 ಮೈಕ್ರೋಗ್ರಾಂ ಇರುತ್ತದೆ, ಅದಕ್ಕೆ ಸಲೈನ್ ಸೇರಿಸಿ 10 ಎಂಎಲ್ ಮಾಡಿಕೊಳ್ಳುತ್ತೇನೆ. ಗೋಡೆ ಗಡಿಯಾರ ನೋಡುತ್ತಾ, ಬೇಕಾದಷ್ಟನ್ನು 30 ಸೆಕೆಂಡಿಗಿಂತ ಕಡಿಮೆ ಇಲ್ಲದಂತೆ ನಿಧಾನಕ್ಕೆ ಬಿಡುತ್ತೇನೆ. ಕೆಮ್ಮು ಬರಲೇಬಾರದು ಅನ್ನುವ ಕೇಸಾದರೆ ಒಂದು ನಿಮಿಷ ಮೊದಲೇ ಮರಗಟ್ಟಿಸುವ ಔಷಧಿ ಲಿಗ್ನೊಕೇನ್ ಕೊಡುತ್ತೇನೆ, ರೋಗಿಯ ತೂಕದ ಕೆಜಿಗೆ 1 ಮಿಲಿಗ್ರಾಂ ಲೆಕ್ಕದಲ್ಲಿ. ರಕ್ತನಾಳಕ್ಕೆ (ಐವಿ) ಕೊಡುವ ವಯಲ್ ಹೌದೋ ಅಲ್ಲವೋ ಅಂತ ಲೇಬಲ್ ಓದಲೇಬೇಕು, ಹಾರ್ಟ್ ಬ್ಲಾಕ್ (ಹೃದಯದ ವಿದ್ಯುತ್ ಸಂಕೇತಕ್ಕೆ ತಡೆ) ಇದೆಯಾ ಅಂತ ಇಸಿಜಿಯನ್ನೂ ನೋಡಬೇಕು. ಕೆಟಮೈನ್ ಅನ್ನುವ ಅರಿವಳಿಕೆ ಔಷಧಿಯನ್ನು ಕೆಜಿಗೆ 0.15 ಮಿಲಿಗ್ರಾಂನಷ್ಟು ಮೊದಲು ಕೊಟ್ಟರೂ ಕೆಮ್ಮು ಕಡಿಮೆಯಾಗುತ್ತದೆ. ಬೀಡಿ ಸೇದುವವರೇ ಜಾಸ್ತಿ ಕೆಮ್ಮಬಹುದು ಅಂತ ನಮಗೆ ಅನಿಸುತ್ತದೆ, ಆದರೆ ಕೆಲವು ಅಧ್ಯಯನಗಳಲ್ಲಿ ಅವರಿಗೇ ಕಡಿಮೆ ಕಂಡಿದೆ!

ಇನ್ನೊಂದು, ರೋಗಿಗೆ ಮೊದಲೇ ಹೇಳಿ. "ಈಗ ಸ್ವಲ್ಪ ಕೆಮ್ಮು ಬಂದ ಹಾಗೆ ಆಗಬಹುದು, ಹೆದರಬೇಡಿ, ನಾನು ಇಲ್ಲೇ ಇದ್ದೇನೆ" ಅಂದರೆ ಸಾಕು. ಓಟಿ ದೀಪದ ಕೆಳಗೆ ಮಲಗಿ, ಉಸಿರು ಕಟ್ಟಿದ ಹಾಗಾದಾಗ ಅವರಿಗೆ ಎಷ್ಟು ಗಾಬರಿಯಾಗುತ್ತದೆ ಅಂತ ಹೊರಗೆ ನಿಂತ ನಮಗೆ ಗೊತ್ತಾಗುವುದಿಲ್ಲ.