ಉರಿಯಿಲ್ಲ, ನೋವಿಲ್ಲ, ರಿಪೋರ್ಟಿನಲ್ಲಿ ಮಾತ್ರ ಬ್ಯಾಕ್ಟೀರಿಯಾ

ಮಂಗಳೂರಿನ ನರ್ಸಿಂಗ್ ಹಾಸ್ಟೆಲಿಗೆ ಸೇರುವ ಮುಂಚೆ ತಪಾಸಣೆ ಮಾಡಿಸಿದ ಹದಿನೆಂಟರ ಹುಡುಗಿ. ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ರಿಪೋರ್ಟಿನಲ್ಲಿ ‘ಇ. ಕೋಲಿ, ಒಂದು ಲಕ್ಷಕ್ಕಿಂತ ಹೆಚ್ಚು’ ಎಂದಿರುತ್ತದೆ. ಇ. ಕೋಲಿ ಅಂದರೆ ಕರುಳಿನಲ್ಲಿರುವ ಒಂದು ಬ್ಯಾಕ್ಟೀರಿಯಾ. ಅವಳಿಗೆ ಉರಿಮೂತ್ರವಿಲ್ಲ, ಜ್ವರವಿಲ್ಲ, ಪದೇಪದೇ ಹೋಗಬೇಕೆನಿಸುವುದೂ ಇಲ್ಲ. ಕೆಳಗೆ ಯಾವ ಆ್ಯಂಟಿಬಯೋಟಿಕ್ ಹಿಡಿಯುತ್ತದೆಂಬ ಪಟ್ಟಿ ಇರುವುದರಿಂದ ಮನೆಯವರು ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೊರಡುತ್ತಾರೆ. ದಯವಿಟ್ಟು ಹೊರಡಬೇಡಿ.

ಆರೋಗ್ಯವಂತ ಯುವತಿಯರಲ್ಲಿ ನೂರಕ್ಕೆ 1ರಿಂದ 5 ಮಂದಿಯ ಮೂತ್ರದಲ್ಲಿ ಹೀಗೆ ಬ್ಯಾಕ್ಟೀರಿಯಾ ಇರುತ್ತದೆ. ಹೆಂಗಸರಲ್ಲಿ ಇದು ನಿಜವೆನ್ನಲು ಒಂದು ರಿಪೋರ್ಟ್ ಸಾಲದು. ಬೇರೆ ಬೇರೆ ಸಲ ಕೊಟ್ಟ ಎರಡು ಸ್ಯಾಂಪಲ್‌ಗಳಲ್ಲೂ ಅದೇ ಬ್ಯಾಕ್ಟೀರಿಯಾ, ಮಿಲಿಲೀಟರಿಗೆ ಲಕ್ಷ ಅಥವಾ ಹೆಚ್ಚು ಇರಬೇಕು.

ಎಡವಟ್ಟಾಗುವುದು ಹೆಚ್ಚಾಗಿ ಬಾಟಲಿಯಲ್ಲೇ. ಪೆರ್ಲದಲ್ಲೋ ಮುಳ್ಳೇರಿಯದಲ್ಲೋ ಬೆಳಿಗ್ಗೆ ಹಿಡಿದ ಮೂತ್ರ ಬ್ಯಾಗಿನೊಳಗೆ ಬಸ್ಸಿನ ಸೆಕೆಯಲ್ಲಿ ಕಾಸರಗೋಡು ಸೇರಿ, ಲ್ಯಾಬಿನ ಕ್ಯೂವಿನಲ್ಲೂ ಕಾಯುತ್ತದೆ. ಇ. ಕೋಲಿಗೆ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಚರ್ಮದಿಂದ ಬಿದ್ದ ಸಾವಿರ ಬ್ಯಾಕ್ಟೀರಿಯಾ ಏಳು ಸಲ ಇಮ್ಮಡಿಯಾದರೆ 1,28,000! ಹಾಗಾಗಿ ಎರಡು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ. ಆಗದಿದ್ದರೆ ಫ್ರಿಜ್ಜಿನಲ್ಲಿಡಿ, ದಾರಿಯಲ್ಲಿ ಐಸ್ ಹಾಕಿದ ಡಬ್ಬಿಯಲ್ಲಿ ಒಯ್ಯಿರಿ. ಸಾಧ್ಯವಾದರೆ ಲ್ಯಾಬಿನಲ್ಲೇ ಕೊಡುವುದು ಎಲ್ಲಕ್ಕಿಂತ ಒಳ್ಳೆಯದು.

ಹಿಡಿಯುವಾಗ ತೊಳೆದ ಹಳೆಯ ಔಷಧಿ ಬಾಟಲಿ ಬೇಡ, ಲ್ಯಾಬಿನ ಸ್ಟೆರೈಲ್ ಡಬ್ಬಿಯೇ ಬೇಕು. ಕೈ ತೊಳೆದು, ಮೂತ್ರದ್ವಾರದ ಸುತ್ತ ಬರೀ ನೀರಿನಿಂದ ಮುಂದಿನಿಂದ ಹಿಂದಕ್ಕೆ ಶುಚಿ ಮಾಡಿ. ಯೋನಿಯ ತುಟಿಗಳನ್ನು ಬೆರಳಿನಿಂದ ಅಗಲಿಸಿ ಹಿಡಿದುಕೊಂಡೇ ಮೊದಲ ಧಾರೆ ಬಿಟ್ಟು ನಡುವಿನ 20–30 ಮಿಲಿ ಹಿಡಿಯಬೇಕು. ಮುಟ್ಟಿನ ದಿನಗಳಾದರೆ ಮುಂದೂಡಿ. ಮೂರ್ನಾಲ್ಕು ಬಗೆಯ ಬ್ಯಾಕ್ಟೀರಿಯಾ ಬೆಳೆದಿದ್ದರೆ ಸ್ಯಾಂಪಲ್ ಕೆಟ್ಟಿದೆ ಎಂದೇ ತಿಳಿಯಿರಿ.

ಎರಡೂ ಸಲ ಸರಿಯಾಗಿ ಹಿಡಿದೂ ಬ್ಯಾಕ್ಟೀರಿಯಾ ಇದೆಯೇ? ತೊಂದರೆಯಿಲ್ಲದ, ಗರ್ಭಿಣಿಯಲ್ಲದ ಹುಡುಗಿಗೆ ಆಗಲೂ ಮಾತ್ರೆ ಬೇಡ. ರಿಪೋರ್ಟಿನಲ್ಲಿ ಪಸ್ ಸೆಲ್ (ಕೀವಿನ ಕಣ) ಹೆಚ್ಚಿದ್ದರೂ, ಸಕ್ಕರೆ ಕಾಯಿಲೆ ಇದ್ದರೂ ಬೇಡ. ಕಾರ್ಡಿಫ್ ಮತ್ತು ಆಕ್ಸ್‌ಫರ್ಡಿನಲ್ಲಿ ಇಂಥ ಶಾಲಾ ಹುಡುಗಿಯರನ್ನು ನಾಲ್ಕು ವರ್ಷ ಗಮನಿಸಿ 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧಿ ಕೊಟ್ಟದ್ದರಿಂದ ಮೂತ್ರಪಿಂಡಕ್ಕೆ ಏನೂ ಲಾಭ ಕಾಣಲಿಲ್ಲ. ಉರಿಮೂತ್ರ ಮರುಕಳಿಸುವ ಯುವತಿಯರ ಮೇಲಿನ 2012ರ ಇಟಲಿಯ ಅಧ್ಯಯನದಲ್ಲಂತೂ, ಲಕ್ಷಣವಿಲ್ಲದಾಗ ಔಷಧಿ ತೆಗೆದುಕೊಂಡವರಿಗೇ ಸೋಂಕು ಹೆಚ್ಚು ಮರುಕಳಿಸಿತು. ಉಪದ್ರ ಕೊಡದ ತಳಿ ಜಾಗ ಹಿಡಿದು ಕೂತಿದ್ದರೆ ಉಪದ್ರದ ತಳಿಗೆ ನೆಲೆ ಸಿಗುವುದು ಕಷ್ಟ. ಸುಮ್ಮನೆ ನುಂಗಿದ ಮಾತ್ರೆ ಅದನ್ನೇ ಓಡಿಸುತ್ತದೆ, ಉಳಿದದ್ದು ಔಷಧಿಗೆ ಬಗ್ಗದ್ದಾಗಿರುತ್ತದೆ.

ಉರಿ, ಆತುರ, ಕಿಬ್ಬೊಟ್ಟೆ ನೋವು ಶುರುವಾದರೆ ವೈದ್ಯರ ಬಳಿ ಹೋಗಿ. ಚಳಿಜ್ವರ, ಪಕ್ಕೆ ನೋವು, ವಾಂತಿ ಇದ್ದರೆ ಅದೇ ದಿನ.

ಗರ್ಭಿಣಿಯ ಲೆಕ್ಕವೇ ಬೇರೆ. ಮೊದಲ ತಿಂಗಳುಗಳಲ್ಲೇ ಕಲ್ಚರ್ ಮಾಡಿಸಬೇಕು; ಬ್ಯಾಕ್ಟೀರಿಯಾ ಇದ್ದರೆ, ಲಕ್ಷಣವಿಲ್ಲದಿದ್ದರೂ, ವೈದ್ಯರು ಆರಿಸಿದ ಔಷಧಿಯನ್ನು 4ರಿಂದ 7 ದಿನ ತಪ್ಪದೆ ತೆಗೆದುಕೊಳ್ಳಬೇಕು. ಬಿಟ್ಟರೆ ನೂರರಲ್ಲಿ 20–35 ಮಂದಿಗೆ ಸೋಂಕು ಮೂತ್ರಪಿಂಡಕ್ಕೆ ಏರಬಹುದು. ಕೋರ್ಸ್ ಮುಗಿದ ಮೇಲೆ ಕಲ್ಚರನ್ನು ಮತ್ತೆ ಯಾವಾಗ ಮಾಡಿಸಬೇಕೆಂದು ಕೇಳಿಕೊಂಡೇ ಬನ್ನಿ.