ಠರಾವು ಪುಸ್ತಕದಲ್ಲಿ ನನ್ನದೇ ಅಕ್ಷರ

ನಮ್ಮ ಕೇರಿಯ ಹೆಂಗಸರ ಸಂಘಕ್ಕೆ 25 ವರ್ಷ ಆಯ್ತು, ಇತಿಹಾಸ ಅಂತ ಎರಡು ಪುಟ ಬರೆದುಕೊಡು ಅಂತ ಆಯಿ ಫೋನ್ ಮಾಡಿದಾಗ ಸುಲಭದ ಕೆಲಸ ಅಂದುಕೊಂಡಿದ್ದೆ. ಅಂಕೋಲೆಯವರಿಗೆ ಇಂಥದ್ದಕ್ಕೆ ಪೀಠಿಕೆ ಹುಡುಕಬೇಕಾಗಿಲ್ಲ. ರೈತ ಹೋರಾಟ ನಡೆಸಿದ ನಮ್ಮೂರ ಕವಿ ದಿನಕರ ದೇಸಾಯಿಯವರು, ರೈತಕೂಟ, ಅವರು ಕಟ್ಟಿದ 1953ರ ಕೆನರಾ ವೆಲ್ಫೇರ್ ಟ್ರಸ್ಟ್, ಅದರ ಶಾಲೆಗಳು, ಆಮೇಲೆ ಹೆಂಗಸರ ಉಳಿತಾಯ ಸಂಘಗಳಿಗೆ ಅಂತ ಸರ್ಕಾರ ತಂದ 2000-01ರ ಸ್ತ್ರೀಶಕ್ತಿ ಯೋಜನೆ. ಅರ್ಧ ಪುಟ ಆಯ್ತಲ್ವಾ? ಉಳಿದದ್ದಕ್ಕೆ ಅಧ್ಯಕ್ಷರು, ಅತಿಥಿಗಳು.

ಶನಿವಾರ ಊರಿಗೆ ಹೋದೆ. ಆಯಿ ಅಟ್ಟದಿಂದ ಒಂದು ತಗಡಿನ ಡಬ್ಬ ಇಳಿಸಿದಳು. ಒಳಗೆ ಠರಾವು, ಉಳಿತಾಯ, ಸಾಲದ ಪುಸ್ತಕಗಳು. ಎಲ್ಲಕ್ಕೂ ಒಣ ಶೆಟ್ಲಿಯ, ಅಂದರೆ ಸೀಗಡಿಯ, ವಾಸನೆ.

ಮೊದಲ ಠರಾವು ಮಾರ್ಚ್ 2001ರದ್ದು. 15 ಹೆಂಗಸರು, ವಾರಕ್ಕೆ 10 ರೂಪಾಯಿ. ಅಕ್ಷರ ನೋಡಿ ನಗು ಬಂತು, ನನ್ನದೇ! ಆಗ ನಾನು ಎಂಟನೇ ಕ್ಲಾಸು. ಸಹಿ ಹಾಕಲು ಬರುತ್ತಿದ್ದವರು ನಾಲ್ಕೇ ಜನ, ಉಳಿದವರದ್ದು ಹೆಬ್ಬೆಟ್ಟು, ಹಾಗಾಗಿ ಪ್ರತಿ ಭಾನುವಾರ ಅಂಗನವಾಡಿಯ ಜಗಲಿಯಲ್ಲಿ ಕೂತು ಅವರು ಹೇಳಿದ್ದನ್ನು ನಾನು ಬರೆಯುತ್ತಿದ್ದೆ. ಸಂಬಳ ಒಂದು ಮುಷ್ಟಿ ಶೇಂಗಾ.

ಸಾಲದ ಪುಸ್ತಕ ಹಿಡಿದ ಮೇಲೆ ಮಾತ್ರ ಕೆಳಗಿಡಲು ಆಗಲಿಲ್ಲ. ಬೇಸಿಗೆಯ ಪುಟಗಳು ಖಾಲಿ ಖಾಲಿ. ಜೂನ್ ಬಂತೆಂದರೆ ಹೆಸರಿನ ಕೆಳಗೆ ಹೆಸರು. ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳಿಗೆ ಬಂದ್, ಈಗಂತೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ. ದೋಣಿ ದಡಕ್ಕೆ ಬಂದರೆ ಮೀನು ಮಾರುವವಳೂ ಬುಟ್ಟಿ ಮಗುಚಿಡಬೇಕು. ಸಾಲದ ಕಾರಣ: ಅಕ್ಕಿ. ಅಕ್ಕಿ. ಮಾಡಿನ ಹಂಚು. ಪಾಟಿಚೀಲ. ಅಕ್ಕಿ. ನಡುನಡುವೆ 'ಮನೆ ಖರ್ಚು'. ಇದೆಂಥದ್ದು ಅಂತ ಕೇಳಿದೆ.

"ಸಾರಾಯಿ ಅಂಗಡಿ ಬಾಕಿ. ಹಾಗಂತ ಪುಸ್ತಕದಲ್ಲಿ ಬರೆಯೂಕೆ ಆಗ್ತದಾ?" ಅಂದಳು ಆಯಿ.

2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು. ನಮ್ಮ ಪುಸ್ತಕದಲ್ಲಿ 'ಮನೆ ಖರ್ಚು' ನಿಂತಿಲ್ಲ.

ಸಂಘದ ಬಡ್ಡಿ ತಿಂಗಳಿಗೆ ನೂರಕ್ಕೆ 2. ವರ್ಷಕ್ಕೆ 24 ಆಯ್ತಲ್ಲ, ಜಾಸ್ತಿ ಅಲ್ವಾ ಅಂತ ಸುಮ್ನೆ ಲೆಕ್ಕ ಹೇಳಹೋಗಿ ಬೈಸಿಕೊಂಡೆ. "ಪ್ಯಾಟೆಯವನು 10 ತಗೊಳ್ತಿದ್ದ. ಇದ್ರ ಬಡ್ಡಿ ತಿರುಗಿ ನಮ್ಮ ಡಬ್ಬಿಗೇ ಬೀಳ್ತದೆ."

ಆಮೇಲೆ ಜುಲೈ 2002ರ ಠರಾವು ಸಿಕ್ಕಿತು. 'ಸತತ ಮೂರು ವಾರ ಉಳಿತಾಯ ಕಟ್ಟದ ಕಾರಣ ಸದಸ್ಯತ್ವ ರದ್ದು. 640 ರೂ. ವಾಪಸ್.' ಹೆಸರಿನ ಮೇಲೆ ಕೆಂಪು ಗೆರೆ, ಅಡಿಪಟ್ಟಿ ಇಟ್ಟು ನೀಟಾಗಿ ಎಳೆದದ್ದು. ಎಳೆದವಳು ನಾನೇ. ಹೆಸರು ಪಕ್ಕದ ಮನೆಯ ಮಾವಶಿಯದು. ಗಂಡ ಇಲ್ಲ, ಎರಡು ಮಕ್ಕಳು, ಮಳೆಗಾಲ.

"ಉಳಿತಾಯ ತಪ್ಪಿದ್ರೆ ಬ್ಯಾಂಕ್ ಸಾಲ ಇಲ್ಲ ಅಂದ್ರು. ಒಬ್ಬಳಿಂದ ಎಲ್ಲರದ್ದೂ ನಿಲ್ಲೂದು ಬೇಡ ಅಂತ..." ಆಯಿ ಅಷ್ಟಕ್ಕೇ ನಿಲ್ಲಿಸಿದಳು.

ಬಡತನಕ್ಕೆ ಅಂತ ಕಟ್ಟಿಕೊಂಡ ಸಂಘ ಕೇರಿಯಲ್ಲೇ ಎಲ್ಲರಿಗಿಂತ ಬಡವಳನ್ನು ಜುಲೈ ಮಳೆಯಲ್ಲಿ ಹೊರಗೆ ಕಳಿಸಿತ್ತು. ಬೈಯುವುದು ಸುಲಭ. ಆದರೆ ಆ ವರ್ಷವೇ ಬ್ಯಾಂಕ್ ಸಾಲ ಬಂತು, ಆಯಿ ಅದರಲ್ಲಿ ಒಣಮೀನು ವ್ಯಾಪಾರ ಹಿಡಿದಳು, ನನ್ನ ಕಾಲೇಜಿನ ಫೀ ಬಂದದ್ದು ಅದರಿಂದಲೇ.

ಸಂಜೆ ಮಾವಶಿಯ ಮನೆಗೆ ಹೋದೆ. ಅಂಗಳದಲ್ಲಿ ಹರಡಿದ್ದ ಶೆಟ್ಲಿಯನ್ನು ಗುಡಿಸಿ ಒಟ್ಟು ಮಾಡುತ್ತಿದ್ದಳು. ಸಂಘ ಶುರು ಮಾಡಿದ 15 ಜನರ ಪಟ್ಟಿಯಲ್ಲಿ ನಿನ್ನ ಹೆಸರೂ ಹಾಕ್ತೇನೆ ಅಂದೆ. ಹಾಕು ಅಂದಳು, ಅಷ್ಟೇ. ಆ 640 ರೂಪಾಯಿ ವಿಷಯ ನಾನೇ ಎತ್ತಿದೆ, ಯಾಕೆ ಎತ್ತಿದೆನೋ.

"640 ಅಲ್ಲ ಮಗಾ, 620. ಇಪ್ಪತ್ತು ಹಿಡ್ಕೊಂಡಿದ್ರು."

ಗೆರೆ ಎಳೆದದ್ದು ಯಾರು ಅಂತ ಅವಳಿಗೆ ನೆನಪಿದೆಯೋ ಇಲ್ಲವೋ, ಕೇಳುವ ಧೈರ್ಯ ಆಗಲಿಲ್ಲ. ಮನೆಗೆ ಬಂದು, ಇಪ್ಪತ್ತು ರೂಪಾಯಿ ಹಿಡಿದುಕೊಂಡಿದ್ರಂತೆ, ಹೌದಾ ಅಂತ ಆಯಿಯನ್ನು ಕೇಳಿದೆ. ಅವಳು ಪುಸ್ತಕ ತೆಗೆದು ನೋಡಲೂ ಇಲ್ಲ.

"ಪುಸ್ತಕದ ಖರ್ಚಿಗೆ" ಅಂದಳು.